ಅಪ್ಪ ಅಮ್ಮ ಇಲ್ಲದ ಹುಡುಗಿಯರು

ಮೊನ್ನೆ ಕಪಾಟಿನ ಧೂಳು ಕೊಡವುವಾಗ ಹಳೇ ‘ಜೇನ್ ಐರ್’ ಕೈಗೆ ಸಿಕ್ತು. ಕಾಲೇಜಿನಲ್ಲಿದ್ದಾಗ ಪ್ರೇಮಕಥೆ ಅಂತ ಓದಿದ್ದು. ಈ ಸಲ ಕಣ್ಣಿಗೆ ಬಿದ್ದಿದ್ದು ದುಡ್ಡಿನ ಲೆಕ್ಕ!

ಜೇನ್ ಅನಾಥೆ. ಅತ್ತೆಯ ಕೈಲಿ ಬೈಸಿಕೊಂಡು ಬೆಳೆದು, ಲೋವುಡ್ ಎಂಬ ಧರ್ಮಾರ್ಥ ಶಾಲೆ ಸೇರುತ್ತಾಳೆ. ಅಲ್ಲಿ ಚಳಿ, ಅರೆಹೊಟ್ಟೆ, ಕೊನೆಗೆ ಟೈಫಸ್ ಜ್ವರ. ಇದು ಬರೀ ಕಲ್ಪನೆಯಲ್ಲ. ಶಾರ್ಲೆಟ್ ಬ್ರಾಂಟೆಗೆ ಐದು ವರ್ಷವಿದ್ದಾಗ, 1821ರಲ್ಲಿ, ತಾಯಿ ತೀರಿಕೊಂಡಳು. ಕೋವನ್ ಬ್ರಿಜ್‌ನ ಶಾಲೆಗೆ ಹೋದ ಇಬ್ಬರು ಅಕ್ಕಂದಿರು ಕ್ಷಯ ಹತ್ತಿಸಿಕೊಂಡು ಮನೆಗೆ ಬಂದು 1825ರಲ್ಲಿ ಸತ್ತರು. 1847ರಲ್ಲಿ ಕಾದಂಬರಿ ಅಚ್ಚಾದಾಗ ಅದರ ಮೇಲಿದ್ದ ಹೆಸರು ಕರರ್ ಬೆಲ್. ಗಂಡೋ ಹೆಣ್ಣೋ ಗೊತ್ತಾಗಬಾರದಲ್ಲ!

ಈಗ ಲೆಕ್ಕಕ್ಕೆ ಬರೋಣ. ಲೋವುಡ್‌ನಲ್ಲಿ ಟೀಚರ್ ಆಗಿ ಜೇನ್‌ಗೆ ವರ್ಷಕ್ಕೆ 15 ಪೌಂಡ್, ಥಾರ್ನ್‌ಫೀಲ್ಡ್‌ನಲ್ಲಿ ಮನೆಪಾಠಕ್ಕೆ 30. ಆಮೇಲೆ ಚಿಕ್ಕಪ್ಪನಿಂದ 20,000 ಪೌಂಡ್ ಬರುತ್ತೆ. ಅದನ್ನು ನಾಲ್ಕು ಪಾಲು ಮಾಡಿ ಒಂದನ್ನಷ್ಟೇ ಇಟ್ಟುಕೊಳ್ಳುತ್ತಾಳೆ. ಮದುವೆಯಾಗಿ ಇಂಡಿಯಾಕ್ಕೆ ಬಾ ಅಂತ ಮಿಶನರಿ ಸೇಂಟ್ ಜಾನ್ ಕರೆದಾಗ, ಬರ್ತೀನಿ, ಆದರೆ ಹೆಂಡತಿಯಾಗಿ ಅಲ್ಲ ಅನ್ನುತ್ತಾಳೆ. ಅಷ್ಟರಲ್ಲಿ ಹಿಂದೂಸ್ತಾನಿಯನ್ನೂ ಕಲಿತಿರುತ್ತಾಳೆ ಪಾಪ.

ಹೆಂಡತಿ ದುಡಿದ ಹಣ ಅವಳದೇ ಅಂತ ಇಂಗ್ಲೆಂಡಿನಲ್ಲಿ ಕಾನೂನು ಬಂದದ್ದು 1870ರಲ್ಲಿ, ಆಸ್ತಿಯೂ ಅವಳದೇ ಅಂದದ್ದು 1882ರಲ್ಲಿ. ಅಪ್ಪ ಇದ್ದರೆ ಅಪ್ಪನ ಮಾತು, ಗಂಡ ಇದ್ದರೆ ಗಂಡನ ಮಾತು. ಕಾದಂಬರಿಕಾರ್ತಿಯರಿಗೆ ಅನಾಥೆಯೇ ಯಾಕೆ ಬೇಕಿತ್ತು ಅನ್ನೋದು ಇಲ್ಲಿ ಹೊಳೆಯುತ್ತೆ. ತನ್ನ ಬದುಕನ್ನು ತಾನೇ ನಿರ್ಧರಿಸುವ ಕಷ್ಟ, ಸುಖ ಎರಡೂ ಅವಳಿಗೇ.

1908ರಲ್ಲಿ ಬಂದ, ಎಲ್. ಎಂ. ಮಾಂಟ್ಗೊಮೆರಿ ಬರೆದ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ನಲ್ಲೂ ಹಾಗೇ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಅಣ್ಣ-ತಂಗಿ ಹೊಲಗೆಲಸಕ್ಕೆ ಹುಡುಗ ಬೇಕು ಅಂದರೆ, ಬಂದಿಳಿದವಳು 11 ವರ್ಷದ ಆ್ಯನ್. ಓದಿ, ಸ್ಕಾಲರ್‌ಶಿಪ್ ಗೆದ್ದು, ಸಾಕಿದವಳಿಗಾಗಿ ಅದನ್ನು ಬಿಟ್ಟು ಮೇಡಂ ಆಗುತ್ತಾಳೆ. ಲೇಖಕಿಯೂ ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡು ಅಜ್ಜ-ಅಜ್ಜಿಯ ಹತ್ತಿರ ಬೆಳೆದವಳು.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿದೆ. 1869ರಿಂದ ಮುಂದೆ ಬ್ರಿಟನ್ನಿನಿಂದ ಸುಮಾರು ಒಂದು ಲಕ್ಷ ಮಕ್ಕಳನ್ನು ಕೆನಡಾಕ್ಕೆ ಸಾಗಿಸಿದರು. ಹುಡುಗರು ಹೊಲಕ್ಕೆ, ಹುಡುಗಿಯರು ಮನೆಗೆಲಸಕ್ಕೆ. ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದರು, ಬಡತನ ಅಷ್ಟೇ. ಪರದೇಶಕ್ಕೆ ಮಕ್ಕಳನ್ನು ಹೀಗೆ ಸಾಗಿಸಿದ್ದಕ್ಕೆ ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2010ರಲ್ಲಿ.

ಆ್ಯನ್‌ಗೆ ಮನೆ ಸಿಕ್ಕಿತು. ಆ ಹುಡುಗಿಯರ ಕಥೆ?