ಹತ್ತು ಪೌಂಡ್ ದಂಡ ಮತ್ತು ನ್ಯಾಯದ ಒಂದು ಸೂತ್ರ



ನ್ಯಾಯ ದೊರಕಿದರೆ ಸಾಲದು, ದೊರಕಿತೆಂಬುದು ಕಣ್ಣಿಗೂ ಕಾಣಬೇಕು ಎಂಬ ಮಾತನ್ನು ನೀವೆಲ್ಲರೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಇಷ್ಟು ಗಂಭೀರವಾದ ಮಾತು ಯಾವುದೋ ಮಹಾ ಮೊಕದ್ದಮೆಯಲ್ಲಿ ಹುಟ್ಟಿರಬೇಕೆಂದು ತೋರುವುದು ಸಹಜ. ಆದರೆ ಅದು ಪ್ರಸಿದ್ಧಿಗೆ ಬಂದದ್ದು ಮೋಟಾರ್ ಸೈಕಲ್ ಸವಾರನೊಬ್ಬನಿಗೆ ವಿಧಿಸಿದ ಹತ್ತು ಪೌಂಡ್ ದಂಡದಿಂದ.

1923ರ ಆಗಸ್ಟ್ ತಿಂಗಳಿನಲ್ಲಿ ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಈತನ ವಾಹನವು ಪಕ್ಕಗಾಡಿಯುಳ್ಳ ಇನ್ನೊಂದು ಮೋಟಾರ್ ಸೈಕಲ್ಲಿಗೆ ಡಿಕ್ಕಿಯಾಯಿತು. ಅದರಲ್ಲಿದ್ದ ದಂಪತಿಗಳು ಗಾಯಗೊಂಡರು. ಪೊಲೀಸರು ಸವಾರನ ಮೇಲೆ ಅಪಾಯಕಾರಿ ಚಾಲನೆಯ ಆರೋಪ ಹೊರಿಸಿದರು. ಇಂಗ್ಲೆಂಡಿನಲ್ಲಿ ಇಂತಹ ಸಣ್ಣ ಪ್ರಕರಣಗಳನ್ನು ವಿಚಾರಿಸುತ್ತಿದ್ದವರು ಕಾನೂನು ಓದದ, ಸಂಬಳವಿಲ್ಲದ ಊರ ಗಣ್ಯರು. ಕಾನೂನಿನ ತೊಡಕು ಬಂದಾಗ ಅವರಿಗೆ ಸಲಹೆ ನೀಡಲು ನ್ಯಾಯಾಲಯದ ಗುಮಾಸ್ತನೊಬ್ಬನಿರುತ್ತಿದ್ದ. ಗುಮಾಸ್ತನೆಂದರೆ ಬರಿಯ ಬರವಣಿಗೆಯವನಲ್ಲ, ಸ್ವತಃ ವಕೀಲ.

ವಿಚಾರಣೆ ಮುಗಿದು ನ್ಯಾಯಾಧೀಶರು ಒಳಕೋಣೆಗೆ ತೆರಳಿದಾಗ, ಅಂದು ಕರ್ತವ್ಯದಲ್ಲಿದ್ದ ಉಪಗುಮಾಸ್ತನೂ ಟಿಪ್ಪಣಿಗಳೊಡನೆ ಅವರ ಹಿಂದೆ ಹೋದನು. ಹೊರಬಂದ ನ್ಯಾಯಾಧೀಶರು ಸವಾರನನ್ನು ತಪ್ಪಿತಸ್ಥನೆಂದು ಸಾರಿ ಹತ್ತು ಪೌಂಡ್ ದಂಡ ಹಾಗೂ ಖರ್ಚು ವಿಧಿಸಿದರು. ಆದರೆ ಗಾಯಗೊಂಡವರ ಪರವಾಗಿ ಇದೇ ಸವಾರನಿಂದ ನಷ್ಟಪರಿಹಾರ ಕೇಳುತ್ತಿದ್ದ ವಕೀಲರ ಸಂಸ್ಥೆಗೆ ಆ ಉಪಗುಮಾಸ್ತನೂ ಸೇರಿದವನಾಗಿದ್ದನು!

ಸವಾರನು ಮೇಲಿನ ನ್ಯಾಯಾಲಯಕ್ಕೆ ಹೋದನು. ಉಪಗುಮಾಸ್ತನನ್ನು ತಾವು ಏನೂ ಕೇಳಲಿಲ್ಲ, ಅವನೂ ಪ್ರಕರಣದ ಬಗ್ಗೆ ಬಾಯಿ ತೆರೆಯಲಿಲ್ಲ ಎಂದು ನ್ಯಾಯಾಧೀಶರು ಪ್ರಮಾಣಪೂರ್ವಕವಾಗಿ ತಿಳಿಸಿದರು. ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹೀವರ್ಟ್ ಅದನ್ನು ನಂಬಿದರು. ನಂಬಿಯೂ 1923ರ ನವೆಂಬರಿನಲ್ಲಿ ತೀರ್ಪನ್ನು ರದ್ದುಗೊಳಿಸಿದರು. ಒಳಗೆ ನಡೆದದ್ದೇನು ಎಂಬುದು ಮುಖ್ಯವಲ್ಲ, ಹೊರಗೆ ನಿಂತವನಿಗೆ ಏನೆಂದು ತೋರಬಹುದು ಎಂಬುದೇ ಮುಖ್ಯ ಎಂಬುದು ಅವರ ನಿಲುವಾಗಿತ್ತು. ನಮ್ಮ ಹಿರಿಯರು ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿಯಬಾರದು ಎಂದುದರ ತಾತ್ಪರ್ಯವೂ ಇದೇ.

ಇತಿಹಾಸದ ವಿಚಿತ್ರವನ್ನೂ ಗಮನಿಸಿರಿ. ಈ ಸೂತ್ರವನ್ನು ನುಡಿದ ಹೀವರ್ಟರೇ ಮುಂದೆ ಪಕ್ಷಪಾತಿ ನ್ಯಾಯಮೂರ್ತಿಯೆಂಬ ಅಪಕೀರ್ತಿಗೆ ಗುರಿಯಾದರು. 1940ರಲ್ಲಿ ಅವರು ಹುದ್ದೆಯಿಂದ ನಿರ್ಗಮಿಸಿದರು. ಅವರ ಇತರ ತೀರ್ಪುಗಳನ್ನು ಇಂದು ನೆನೆಯುವವರು ವಿರಳ, ಈ ಪುಟ್ಟ ತೀರ್ಪು ಮಾತ್ರ ಉಳಿಯಿತು. ನುಡಿದವನಿಗಿಂತ ನುಡಿ ದೊಡ್ಡದಾಗುವುದುಂಟು.

ಅಂದು ದಂಡವನ್ನು ರದ್ದುಗೊಳಿಸಿದ ಸರ್ಷಿಯೋರರಿ ಎಂಬ ಆಜ್ಞೆ ನಮಗೂ ಅಪರಿಚಿತವಲ್ಲ. ಸಂವಿಧಾನದ 226ನೆಯ ವಿಧಿಯು ಅಂತಹ ಆಜ್ಞೆ ಹೊರಡಿಸುವ ಅಧಿಕಾರವನ್ನು ನಮ್ಮ ಉಚ್ಚ ನ್ಯಾಯಾಲಯಗಳಿಗೂ ಕೊಟ್ಟಿದೆ. ಹೀವರ್ಟರ ಸೂತ್ರವನ್ನು ಭಾರತದ ನ್ಯಾಯಾಲಯಗಳು ಎಷ್ಟೋ ಬಾರಿ ಉದ್ಧರಿಸಿವೆ.

2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಾಕಿಯಿದ್ದ ಸಂಚಾರ ದಂಡಗಳಿಗೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನ ಮುಗಿಬಿದ್ದು ಹಣ ಕಟ್ಟಿದರು. ತಪ್ಪು ಮಾಡಿದವರು ಕಟ್ಟುವುದು ಧರ್ಮವೇ ಸರಿ. ಆದರೆ ತಪ್ಪೇ ಇಲ್ಲವೆಂದು ಬಲ್ಲವರೂ 'ಹೋಗಲಿ, ಯಾರು ಅಲೆದಾಡುತ್ತಾರೆ' ಎಂದು ಕಟ್ಟಿಬಿಡುತ್ತಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಕಚೇರಿಗೆ ಒಂದು ದಿನ ಹಾಕಿದರೆ ಆ ದಿನದ ದುಡಿಮೆ ಹೋಗುತ್ತದೆ. ಆದರೂ ಎಲ್ಲರೂ ಹಾಗೆಯೇ ಸುಮ್ಮನಾದರೆ ತಪ್ಪು ದಂಡವು ತಪ್ಪೆಂದು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಸಸೆಕ್ಸಿನ ಆ ಸವಾರನೂ ಹತ್ತು ಪೌಂಡ್ ಕೊಟ್ಟು ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ಆ ಸೂತ್ರವನ್ನು ನುಡಿಯುವ ಸಂದರ್ಭವೇ ಅಂದು ಒದಗುತ್ತಿರಲಿಲ್ಲ. ನಿಮ್ಮಲ್ಲಿ ಅನೇಕರು ಇಂದು ಕಚೇರಿಗಳಲ್ಲಿ ಅಧಿಕಾರದ ಕುರ್ಚಿಯ ಮೇಲೆ ಕುಳಿತಿದ್ದೀರಿ. ಎದುರಿಗೆ ಬಂದವನ ತಕರಾರು ಚಿಕ್ಕದೆಂದು ತಳ್ಳಿಹಾಕುವ ಮುನ್ನ ಆ ಸವಾರನನ್ನು ಒಮ್ಮೆ ನೆನೆಯಿರಿ.