ಹಿತ್ತಿಲ ಬಾಗಿಲಿನ ಚರಿತ್ರೆ

ಮಲ್ಲೇಶ್ವರದ ಹಳೆಯ ಮನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮುಂದಿನ ಗೇಟಿನಿಂದಲೇ ಒಳಗೆ ಹೋಗುತ್ತಾರೆ. ಮಂಗಳೂರು ಹೆಂಚು, ಕಿಟಕಿಯ ಮೇಲಿನ ‘ಮಂಕಿ ಟಾಪ್’, ರೆಡ್ ಆಕ್ಸೈಡ್ ನೆಲ, ಕಾಂಪೌಂಡಿನ ಸಂಪಿಗೆ ಮರ. ಇವೆಲ್ಲ ನಮ್ಮ ತಾತನ ಮನೆಯಲ್ಲೂ ಇದ್ದವು, ಅವುಗಳ ಮೇಲಿನ ಮೋಹ ನನಗೂ ಬಿಟ್ಟಿಲ್ಲ. ಆದರೆ ಈ ಬಡಾವಣೆ ಯಾವ ಭಯದಿಂದ ಬೆಳೆಯಿತು ಎಂದು ತಿಳಿಯಬೇಕಾದರೆ ಮನೆಯ ಹಿಂದಕ್ಕೆ, ಕನ್ಸರ್ವೆನ್ಸಿ ಲೇನಿಗೆ ಹೋಗಬೇಕು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಬೆಳಕು ಕಡಿಮೆ. ಸಾವಿರಾರು ಜನ ಸತ್ತರು, ಉಳಿದವರಲ್ಲಿ ಅನೇಕರು ಊರಾಚೆಯ ಗುಡಿಸಲುಗಳಿಗೆ ಓಡಿದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಪಾಲ್-ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಅದೇ ವರ್ಷ ಹೇಳಿದ್ದ. ಅದಕ್ಕೆ ಮನ್ನಣೆ ಸಿಗಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಕೊಳಕು ಮತ್ತು ಇಕ್ಕಟ್ಟೇ ಶತ್ರು. ಮೊದಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿಗಳಿಗೆ ಈಗ ಅವಸರ ಬಂತು. ನೆಟ್ಟಗಿನ ರಸ್ತೆ, ಬಿಡಿಬಿಡಿ ಮನೆ, ಸುತ್ತ ಮರಗಿಡ. (ಮಾರ್ಗೋಸಾ ರಸ್ತೆ ಎಂದರೆ ಬೇವಿನ ರಸ್ತೆಯೇ. ಕನ್ನಡದಲ್ಲೇ ಕರೆಯಬಹುದಿತ್ತು.) ಕಾಡು ಮಲ್ಲೇಶ್ವರನ ಗುಡಿಯಾದರೋ ಹದಿನೇಳನೆಯ ಶತಮಾನದಿಂದ ಅಲ್ಲಿತ್ತು. ಬಡಾವಣೆಗೆ ಹೆಸರು ಕೊಟ್ಟವನು ಅವನೇ.

ಎರಡು ಕ್ರಾಸುಗಳ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುವಲ್ಲಿ, ನಡುವೆ ಒಂದು ಓಣಿ ಬಿಟ್ಟರು. ಅದೇ ಕನ್ಸರ್ವೆನ್ಸಿ ಲೇನು. ನಮ್ಮ ಹಿತ್ತಿಲಿನ ತುದಿಯಲ್ಲಿ ಪಾಯಿಖಾನೆ, ಅದರ ಹಿಂಗೋಡೆಯಲ್ಲಿ ನೆಲಮಟ್ಟಕ್ಕೆ ಒಂದು ಚೌಕ ತೂತು, ಅದಕ್ಕೆ ತಗಡಿನ ಮುಚ್ಚಳ. ಮಲ ಬಾಚುವವರು ಮನೆಯೊಳಗೆ ಕಾಲಿಡದೆ ಲೇನಿನಿಂದಲೇ ಕೆಲಸ ಮುಗಿಸಿ ಹೋಗಬೇಕು. ಆರೋಗ್ಯದ ಲೆಕ್ಕದಲ್ಲಿ ಇದು ಸುಧಾರಣೆ. ಇಂಜಿನಿಯರರ ನಕ್ಷೆಗೂ ಮಡಿಗೂ ಇಷ್ಟು ಸಲೀಸಾಗಿ ಹೊಂದಾಣಿಕೆಯಾದ ಇನ್ನೊಂದು ಜಾಗವನ್ನು ನಾನು ಕಂಡಿಲ್ಲ. ಪ್ಲೇಗಿನ ಭಯ ಕಟ್ಟಿಸಿದ ಬಡಾವಣೆಯಲ್ಲಿ ಅಸ್ಪೃಶ್ಯತೆಗೂ ಒಂದು ಸ್ವಂತ ರಸ್ತೆ ಸಿಕ್ಕಿತು.

ನಮ್ಮಜ್ಜಿಯ ಲೆಕ್ಕದ ಪುಸ್ತಕವೊಂದು ಉಳಿದಿದೆ. ಹಾಲಿನ ಮುನಿಯಮ್ಮ, ಹೂವಿನ ಲಕ್ಷ್ಮಿ, ಇಸ್ತ್ರಿಯ ಗೋವಿಂದ, ಎಲ್ಲರಿಗೂ ಹೆಸರಿದೆ. ದೀಪಾವಳಿಯ ಪುಟದಲ್ಲಿ ಮಾತ್ರ ‘ಲೇನಿನವಳಿಗೆ ಎಂಟಾಣೆ’ ಎಂದಿದೆ. ಅವಳು ಯಾರು ಎಂದು ಅಮ್ಮನನ್ನು ಕೇಳಿದೆ. “ಮುಖ ನೋಡಿದ್ದೇ ಇಲ್ಲ ಕಣೋ. ತಗಡಿನ ಸದ್ದು ಕೇಳಿದರೆ ನಾವು ಹಿತ್ತಿಲಿಗೆ ಹೋಗ್ತಿರಲಿಲ್ಲ” ಎಂದರು. ಅಜ್ಜಿ ಕೆಟ್ಟವರಲ್ಲ, ಪಕ್ಕದ ಮನೆಯ ಬಾಣಂತಿಗೆ ತಿಂಗಳುಗಟ್ಟಲೆ ಸಾರು ಕಳಿಸಿದವರು. ಅದಕ್ಕೇ ಆ ಸಾಲನ್ನು ಓದುವುದು ಕಷ್ಟ.

ಒಳಚರಂಡಿ ಬಂದ ಮೇಲೆ ತಗಡು ಸುಮ್ಮನಾಯಿತು. ಇಡೀ ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು. ದೇಶಕ್ಕೆಲ್ಲ ಕಾನೂನಾಗಲು 1993 ಬರಬೇಕಾಯಿತು, 2013ರಲ್ಲಿ ಇನ್ನೊಂದನ್ನು ಮಾಡಬೇಕಾಯಿತು. ಮ್ಯಾನ್‌ಹೋಲಿಗೆ ಇಳಿದವರ ಸಾವಿನ ಸುದ್ದಿ ಆಮೇಲೂ ನಿಂತಿಲ್ಲ.

ಲೇನುಗಳ ಪಾಡು ಬೇರೆ ಬೇರೆ. ಕೆಲವನ್ನು ಅಕ್ಕಪಕ್ಕದವರು ಒತ್ತರಿಸಿಕೊಂಡರು, ಕೆಲವು ಕಸದ ತೊಟ್ಟಿಯಾದವು. ಈಚೆಗೆ ಒಂದೆರಡನ್ನು ಚೊಕ್ಕಟ ಮಾಡಿ, ಗೋಡೆಗೆ ಚಿತ್ರ ಬರೆದು, ನಡೆದಾಡಲು ತೆರೆದಿದ್ದಾರೆ. ಮಕ್ಕಳು ಅಲ್ಲಿ ಸೈಕಲ್ ಹೊಡೆಯುತ್ತಾರೆ, ನನಗೆ ಅದು ಇಷ್ಟವೇ. ನಮ್ಮ ಮನೆಯ ಹಿಂದಿನ ಲೇನಿಗೆ ಇನ್ನೂ ಬಣ್ಣ ಬಂದಿಲ್ಲ. ಚೌಕ ತೂತನ್ನು ಇಟ್ಟಿಗೆಯಿಟ್ಟು ಮುಚ್ಚಿ ಗಾರೆ ಮೆತ್ತಿದ್ದಾರೆ. ಮಳೆಗಾಲದಲ್ಲಿ ಗೋಡೆ ನೆನೆದಾಗ ಅದರ ಅಂಚು ಕಾಣುತ್ತದೆ.