ಜಾವಾ ಮುಗಿದು ಯೆಜ್ಡಿ ತೊಡಗಿದ ವರ್ಷ

ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿ ಪೀಣ್ಯ ಕೈಗಾರಿಕಾ ಪ್ರದೇಶದ ಹಂತಗಳನ್ನು ಒಂದೊಂದಾಗಿ ದಾಟುತ್ತ ಹೋದರೆ, ಲೇತ್ ಮನೆಗಳೂ ಸಿಲಿಂಡರ್ ಬೋರಿಂಗಿನ ಅಂಗಡಿಗಳೂ ನಿಕಲ್-ಕ್ರೋಮ್ ಲೇಪದ ತೊಟ್ಟಿಗಳೂ ಗೋಡೆಗೆ ಗೋಡೆ ತಾಗಿ ನಿಂತಿರುವುದು ಕಾಣುತ್ತದೆ. 1970ರ ದಶಕದ ಉತ್ತರಾರ್ಧದಲ್ಲಿ ಸಣ್ಣ ಕೈಗಾರಿಕೆಗಳಿಗೆಂದು ರೂಪುಗೊಂಡ ಈ ವಸಾಹತಿನಲ್ಲಿ ಲೋಹಕ್ಕೆ ಸಂಬಂಧಿಸಿದ ಯಾವ ಕೆಲಸವೂ ದುರ್ಲಭವಲ್ಲವಾದ್ದರಿಂದಲೇ, ದಶಕಗಳ ಕಾಲ ಮನೆಯ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೆಯ ಮೋಟಾರು ಸೈಕಲ್ಲುಗಳಿಗೆ ಮರಳಿ ಜೀವ ಕೊಡುವ ಕಸುಬಿಗೆ ಬೆಂಗಳೂರು ಅನುಕೂಲವಾದ ಊರೆನಿಸಿದೆ. ವೈಟ್‌ಫೀಲ್ಡಿನಲ್ಲಿಯೋ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೋ ಗಣಕಯಂತ್ರದ ಮುಂದೆ ವಾರವನ್ನು ಕಳೆಯುವ ತರುಣರು ತಮ್ಮ ತಂದೆಯ ಅಥವಾ ತಾತನ ಕಾಲದ ಗಾಡಿಯನ್ನು ಬಿಡಿಬಿಡಿಯಾಗಿ ಇಲ್ಲಿಗೆ ತರುತ್ತಾರೆ. ಆ ಗಾಡಿ ಬಹುಮಟ್ಟಿಗೆ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಇಲ್ಲವೆ ಅದೇ ಕಾರ್ಖಾನೆಯ ಯೆಜ್ಡಿ. ಕೆಲಸಕ್ಕೆ ಕೈಯಿಡುವ ಮೊದಲು ತಿಳಿದ ಮೇಸ್ತ್ರಿ ಕೇಳುವ ಪ್ರಶ್ನೆ, ಇದು ಯಾವ ವರ್ಷದ್ದು ಎಂಬುದು. ಅದಕ್ಕೆ ಉತ್ತರ ಹೇಳುವುದು ತೋರುವಷ್ಟು ಸುಲಭವಲ್ಲ.

ಚೆಕೊಸ್ಲೊವಾಕಿಯದಲ್ಲಿ 1954ರಲ್ಲಿ ಬಳಕೆಗೆ ಬಂದ 353 ಎಂಬ ಮಾದರಿಯೇ ಈ ವಂಶದ ಮೂಲಪುರುಷ. 65 ಮಿಲಿಮೀಟರ್ ವ್ಯಾಸ, 75 ಮಿಲಿಮೀಟರ್ ಓಟವುಳ್ಳ ಒಂದೇ ಸಿಲಿಂಡರು, ಅದಕ್ಕೆ ಇಬ್ಬದಿಯಲ್ಲಿ ಎರಡು ಸೈಲೆನ್ಸರು, ಹದಿನಾರು ಅಂಗುಲದ ಗಾಲಿಗಳು, ಗೇರ್ ಬದಲಿಸುವ ಲಿವರನ್ನೇ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್ ಆಗುವ ಚಮತ್ಕಾರ, ಕೈಯಲ್ಲಿ ಕ್ಲಚ್ ಹಿಡಿಯದಿದ್ದರೂ ಕಾಲಿನಿಂದ ಗೇರ್ ಒತ್ತಿದೊಡನೆ ತಾನಾಗಿ ಬಿಡುವ ಕ್ಲಚ್ಚು: ಇವು ಅದರ ಲಕ್ಷಣಗಳು. ಮುಂಬಯಿಯ ಇರಾನಿ ಮನೆತನದವರು 1950ರ ದಶಕದಲ್ಲಿ ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ವಿದೇಶೀ ವಿನಿಮಯದ ಅಭಾವದಿಂದ ಸರ್ಕಾರ ಆಮದಿನ ಮೇಲೆ ಬಿಗಿ ನಿರ್ಬಂಧಗಳನ್ನು ಹೇರಿದಾಗ, ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಇವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹವನ್ನು ಪಡೆದ ಈ ಕಾರ್ಖಾನೆಯಲ್ಲಿ 1961ರಲ್ಲಿ ಉತ್ಪಾದನೆ ತೊಡಗಿತು. ಎಚ್.ಎ.ಎಲ್., ದೂರವಾಣಿನಗರದ ಐ.ಟಿ.ಐ., ಜಾಲಹಳ್ಳಿಯ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಮುಂತಾದ ಸಾರ್ವಜನಿಕ ಕಾರ್ಖಾನೆಗಳಿಂದ ಹೊಸ ಮಧ್ಯಮ ವರ್ಗವೊಂದು ಬೆಂಗಳೂರಿನಲ್ಲಿ ತಲೆಯೆತ್ತುತ್ತಿದ್ದ ಕಾಲ ಅದು. ಸೈಕಲ್ಲಿನಿಂದ ಮೇಲೇರಬಯಸಿದ ಆ ವರ್ಗಕ್ಕೆ ನೂರ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿಯೇ ತಯಾರಾಗಿ ಬರುವ ವಾಹನವೊಂದು ದೊರೆಯಿತು.

ಒಂದು ವರ್ಷದ ಗಾಡಿಯನ್ನು ಮರುವರ್ಷದ ಗಾಡಿಯಿಂದ ಬೇರ್ಪಡಿಸಿ ನೋಡುವ ವಿದ್ಯೆ ಅತ್ಯಂತ ಸೂಕ್ಷ್ಮವಾಗಿ ಬೆಳೆದಿರುವುದು ಅಮೆರಿಕದಲ್ಲಿ, ಅಲ್ಲಿನ 'ಮಸಲ್ ಕಾರು'ಗಳ ಸುತ್ತ. ಡೆಟ್ರಾಯಿಟಿನ ಕಂಪನಿಗಳು ಪ್ರತಿ ಶರತ್ಕಾಲದಲ್ಲಿ ಮುಂದಿನ ವರ್ಷದ ಹೆಸರು ಹೊತ್ತ ಹೊಸ ಮುಖವನ್ನು ಮಾರುಕಟ್ಟೆಗೆ ತರುತ್ತಿದ್ದವು. 1967ರ ಕಮಾರೊ ಕಾರಿನ ಬಾಗಿಲಿನಲ್ಲಿ ಗಾಳಿಗೆಂದು ತ್ರಿಕೋಣಾಕಾರದ ಪುಟ್ಟ ಗಾಜು ಉಂಟು, 1968ರದರಲ್ಲಿ ಅದಿಲ್ಲ. 1968ರ ಡಾಡ್ಜ್ ಚಾರ್ಜರಿನ ಹಿಂದೀಪಗಳು ದುಂಡಗಿನ ಜೋಡಿಗಳು, 1969ರದರವು ಉದ್ದನೆಯ ಪಟ್ಟಿಗಳು, ಮುಂದಿನ ಜಾಲರಿಯ ನಡುವೆ ಒಂದು ವಿಭಾಜಕವೂ ಬಂದಿತು. ಇವು ಮಾರಾಟಗಾರನ ಅಪೇಕ್ಷೆಯಿಂದ ಹುಟ್ಟಿದ ಭೇದಗಳು. ಆದರೆ 1968ರ ಕಾರುಗಳ ಮೈಪಕ್ಕದಲ್ಲಿ ಮುಂದೆ ಹಿಂದೆ ಮೂಡಿದ ಚಿಕ್ಕ ದೀಪಗಳೋ ಪ್ರತಿಫಲಕಗಳೋ ಆ ವರ್ಷದ ಜನವರಿ 1ರಿಂದ ಜಾರಿಗೆ ಬಂದ ಸುರಕ್ಷಾ ನಿಯಮದ ಫಲ. ಅಂದವೂ ಕಾನೂನೂ ಹೀಗೆ ಪ್ರತಿವರ್ಷ ತಮ್ಮ ಮುದ್ರೆಯನ್ನು ಒತ್ತುತ್ತಿದ್ದ ಆ ದೇಶದಲ್ಲಿ, ಹಳೆಯ ಕಾರನ್ನು ಮರಳಿ ಕಟ್ಟುವವನು ತಪ್ಪಿ ಬೇರೆ ವರ್ಷದ ದೀಪವನ್ನು ಕೂರಿಸಿದರೆ ತಿಳಿದವರ ಕಣ್ಣಿಗೆ ಅದು ಹತ್ತು ಮಾರು ದೂರದಿಂದಲೇ ಬೀಳುತ್ತದೆ.

ನಮ್ಮಲ್ಲಿ ಸಂಗತಿಯೇ ಬೇರೆ. ಪರವಾನಗಿಯ ಮಿತಿಯೊಳಗೆ ಎಷ್ಟು ತಯಾರಾದರೂ ಕೊಳ್ಳುವವರು ಕಾದಿರುತ್ತಿದ್ದ ಆ ಯುಗದಲ್ಲಿ ವರ್ಷಕ್ಕೊಮ್ಮೆ ಮುಖ ಬದಲಿಸಬೇಕಾದ ಒತ್ತಾಯ ಯಾವ ಕಾರ್ಖಾನೆಗೂ ಇರಲಿಲ್ಲ. ಆದುದರಿಂದ ಯಾದವಗಿರಿಯ ಗಾಡಿಗಳಲ್ಲಿ ವರ್ಷವೆಂಬುದು ಢಾಳಾಗಿ ಕಾಣಿಸದೆ, ಬಿಡಿಭಾಗಗಳ ಸಣ್ಣ ಪಲ್ಲಟಗಳಲ್ಲಿಯೂ ಕಾಗದಪತ್ರಗಳಲ್ಲಿಯೂ ಅಡಗಿ ಕುಳಿತಿದೆ. ಜಾವಾ 250ರಲ್ಲಿ 'ಎ' ಮತ್ತು 'ಬಿ' ಎಂಬ ಎರಡು ಬಗೆಗಳು ಬಂದವು. ಚೆಕ್ ಸಂಸ್ಥೆಯೊಡನೆ ಇದ್ದ ಒಪ್ಪಂದ ಮುಗಿದ ಮೇಲೆ, 1973ರಲ್ಲಿ, ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ಆದರೆ ಹೆಸರಿನೊಡನೆ ಗಾಡಿ ಬದಲಾಗಲಿಲ್ಲ. 'ಬಿ' ಬಗೆಯ ಗಾಡಿ ಜಾವಾ ಎಂಬ ಹೆಸರಿನಲ್ಲಿಯೂ ಉಂಟು, ಯೆಜ್ಡಿ ಎಂಬ ಹೆಸರಿನಲ್ಲಿಯೂ ಉಂಟು. ಅಕ್ಕಪಕ್ಕದ ಎರಡು ವರ್ಷಗಳ ಗಾಡಿಗಳ ಟ್ಯಾಂಕಿನಿಂದ ಲಾಂಛನವನ್ನು ಕಳಚಿದರೆ ಅವೆರಡರ ನಡುವಣ ಗೆರೆ ಎಲ್ಲಿಯದೆಂದು ಹೇಳುವುದಕ್ಕೆ ನುರಿತವನೂ ಒಂದು ಗಳಿಗೆ ತಡೆಯಬೇಕಾಗುತ್ತದೆ.

ಇದೇ 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು ಎಂಬುದನ್ನು ಇಲ್ಲಿ ಸ್ಮರಿಸದೆ ಇರಲಾರೆ. ಎರಡು ನಾಮಕರಣಗಳಿಗೂ ಪರಸ್ಪರ ಯಾವ ಕಾರ್ಯಕಾರಣ ಸಂಬಂಧವೂ ಇಲ್ಲ. ಆದರೂ ಆ ಒಂದು ವರ್ಷದ ಗಾಡಿಯ ಮೇಲೆ ಹಳೆಯ ಮತ್ತು ಹೊಸ ಹೆಸರುಗಳು ಎರಡು ಕಡೆಯಿಂದ ಬಂದು ಸಂಧಿಸುತ್ತವೆ: ಟ್ಯಾಂಕಿನ ಮೇಲಿನ ಲಾಂಛನ ಒಂದು ಕಡೆ, ಸಂಖ್ಯಾಫಲಕ ಇನ್ನೊಂದು ಕಡೆ. 'ಎಂ.ವೈ.' ಎಂದು ತೊಡಗುವ ಫಲಕ ಮೈಸೂರು ಎಂಬ ಹೆಸರಿನ ನೆನಪು, ಇಂದಿನ 'ಕೆ.ಎ.' ಬಂದುದು 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಯಾದ ಬಳಿಕ. ಆದರೆ ಫಲಕವನ್ನೇ ಪ್ರಮಾಣವೆಂದು ನಂಬತಕ್ಕದ್ದಲ್ಲ. ಗಾಡಿ ತಯಾರಾದ ದಿನಕ್ಕೂ ನೋಂದಣಿಯಾದ ದಿನಕ್ಕೂ ಅಂತರವಿರುವುದುಂಟು. ಹೊರರಾಜ್ಯದಿಂದ ಬಂದ ಗಾಡಿಗೆ ಮರುನೋಂದಣಿಯಾಗಿ ಎಷ್ಟೋ ಎಳೆಯದಾದ ಸಂಖ್ಯೆ ಬಿದ್ದಿರುವುದುಂಟು. ಹಾಗಾಗಿ ಎಂಜಿನಿನ ಮೇಲೂ ಚಾಸಿಯ ಮೇಲೂ ಹೊಡೆದ ಅಂಕಿಗಳನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿದ ಹೊರತು ವರ್ಷನಿರ್ಣಯ ಪೂರ್ಣವಾಗದು.

1973ರ ಆಚೆಗೂ ತೊಡಕು ತೀರುವುದಿಲ್ಲ. ಪೆಟ್ರೋಲಿನೊಳಕ್ಕೆ ಎಣ್ಣೆಯನ್ನು ಬೆರೆಸುವ ಗೋಜನ್ನು ತಪ್ಪಿಸಲೆಂದು ಎಣ್ಣೆಗೆ ಪ್ರತ್ಯೇಕ ಪಾತ್ರೆಯನ್ನೂ ಪಂಪನ್ನೂ ಇಟ್ಟು 'ಆಯಿಲ್ ಕಿಂಗ್' ಎಂಬ ಬಗೆಯನ್ನು ತಂದರು. ಆ ಪಂಪನ್ನು ಯಾರಾದರೂ ತೆಗೆಸಿ ಹಾಕಿ ಬಾಯಿ ಮುಚ್ಚಿಸಿದ್ದರೆ, ಗಾಡಿ ತನ್ನ ಜಾತಕದ ಮುಖ್ಯ ಪುಟವನ್ನೇ ಕಳೆದುಕೊಂಡಂತೆ. 1978ರಲ್ಲಿ ಹದಿನಾರು ಅಶ್ವಶಕ್ತಿಯ 'ರೋಡ್‌ಕಿಂಗ್' ಬಂದಿತು. 'ಕ್ಲಾಸಿಕ್', 'ಡಿಲಕ್ಸ್', 'ಮೊನಾರ್ಕ್' ಮುಂತಾದವೂ ಇದ್ದವು. ಅಷ್ಟರಲ್ಲಿ 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ ನೂರು ಸಿ.ಸಿ. ಗಾಡಿಗಳು, ಅವುಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯಾಚೆಯ ಹೊಸೂರಿನಲ್ಲಿಯೇ ತಯಾರಾದದ್ದೂ ಒಂದು, ಕಡಿಮೆ ಪೆಟ್ರೋಲಿನ ಆಸೆಯಿಂದ ಗಿರಾಕಿಯನ್ನು ಸೆಳೆದೊಯ್ದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಹೊಸ ಗಾಡಿಗಳ ಮೇಲೆ ಕಾಣಿಸಿಕೊಂಡವಾದರೂ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೆಯ ವಂಶಕ್ಕೂ ಅವಕ್ಕೂ ಹೆಸರಿನ ಮತ್ತು ರೂಪದ ನಂಟಲ್ಲದೆ ಯಂತ್ರದ ನಂಟಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಒಂದು ಗಾಡಿಯ ಜೀವ ಇನ್ನೊಂದರ ಅವಯವಗಳಿಂದ ನಡೆಯತೊಡಗಿತು. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಮಡ್‌ಗಾರ್ಡು, ಯಾರದೋ ಮನೆಯ ಅಟ್ಟದಿಂದ ಇಳಿದ ಹೆಡ್‌ಲೈಟು, ಬೇರೊಂದು ವರ್ಷದ ಟ್ಯಾಂಕು, ಇವುಗಳಿಂದ ಓಡುವ ಗಾಡಿಯನ್ನು ಕಟ್ಟಿದವರನ್ನು ನಾನು ದೂಷಿಸಲಾರೆ. ಅವರಿಲ್ಲದಿದ್ದರೆ ಇಂದು ನೋಡುವುದಕ್ಕೆ ಗಾಡಿಯೇ ಇರುತ್ತಿರಲಿಲ್ಲ. ನನಗೆ ನೋವಾಗುವುದು, ಜಾವಾಕ್ಕೆ ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಯೆಜ್ಡಿಯ ಮೈಮೇಲೆ ಜಾವಾದ ಲಾಂಛನವನ್ನು ಕೂರಿಸುವುದನ್ನು ಕಂಡಾಗ. ಮೈಸೂರಿನ ಕಾರ್ಮಿಕರು ಪರದೇಶದ ಹೆಸರಿನ ಆಸರೆ ತಪ್ಪಿದ ಮೇಲೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಶ್ರದ್ಧೆಯಿಂದ ದುಡಿದರೆಂಬುದಕ್ಕೆ ಯೆಜ್ಡಿಯೇ ಸಾಕ್ಷಿ. ಆ ಸಾಕ್ಷ್ಯವನ್ನು ಉಜ್ಜಿ ಅಳಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯವೆಂದೇ ನನ್ನ ಮತ.

ವರ್ಷನಿರ್ಣಯಕ್ಕೆ ಈಗ ಕಾನೂನಿನ ಮಹತ್ವವೂ ಬಂದಿದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಚಾಸಿ, ಮೈಕಟ್ಟು ಮತ್ತು ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು 'ವಿಂಟೇಜ್' ಎಂದು ಪರಿಗಣಿಸಿ, 20,000 ರೂಪಾಯಿ ಶುಲ್ಕದ ಮೇಲೆ ಹತ್ತು ವರ್ಷಗಳ ಅವಧಿಗೆ 'ವಿ.ಎ.' ಅಕ್ಷರಗಳುಳ್ಳ ಸಂಖ್ಯೆಯನ್ನು ಕೊಡುತ್ತಾರೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗಿಳಿಸಬಹುದು. 2023ರಿಂದೀಚೆಗೆ ಮೊದಮೊದಲ ಯೆಜ್ಡಿಗಳೂ ಈ ವಯಸ್ಸನ್ನು ಮುಟ್ಟತೊಡಗಿವೆ.

ಆದುದರಿಂದ ಗಾಡಿಯನ್ನು ಪೀಣ್ಯಕ್ಕೆ ಒಯ್ಯುವವರಲ್ಲಿ ನನ್ನದೊಂದು ಬಿನ್ನಹ. ಆಮ್ಲದ ತೊಟ್ಟಿಗೂ ಬಫಿಂಗ್ ಚಕ್ರಕ್ಕೂ ಮರಳು ಸಿಡಿಸುವ ಯಂತ್ರಕ್ಕೂ ಹಳೆಯದು ಹೊಸದೆಂಬ ವಿವೇಕವಿಲ್ಲ. ಚಾಸಿಯ ಅಂಕಿಗಳನ್ನು ಅವು ಸವೆಸಿಬಿಡಬಲ್ಲವು, ಅದರ ಮೇಲೆ ದಪ್ಪನಾಗಿ ಕುಳಿತ ಪೌಡರ್ ಕೋಟಿಂಗ್ ಅಳಿದುಳಿದುದನ್ನೂ ಮುಚ್ಚಿಬಿಡಬಲ್ಲದು. ಬಿಚ್ಚುವ ಮೊದಲು ಪ್ರತಿಯೊಂದು ಭಾಗದ ಚಿತ್ರವನ್ನು ತೆಗೆದಿಡಿರಿ. ಟ್ಯಾಂಕಿನ ಅಡಿಯಲ್ಲಿ, ಸೀಟಿನ ಕೆಳಗೆ, ಸಲಕರಣೆ ಪೆಟ್ಟಿಗೆಯ ಒಳಮೈಯಲ್ಲಿ ಉಳಿದಿರುವ ಕಾರ್ಖಾನೆಯ ಮೂಲ ಬಣ್ಣವನ್ನು ಕೆರೆಯಿಸದೆ ಬಿಡಿರಿ. ಅನಿವಾರ್ಯವಾಗಿ ಬೇರೆ ವರ್ಷದ ಭಾಗವನ್ನು ಹಾಕಿಸಿದರೆ ಯಾವುದನ್ನು, ಎಂದು, ಏಕೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆರ್.ಸಿ. ಪುಸ್ತಕದೊಡನೆ ಇಡಿರಿ; ತೆಗೆದ ಲಾಂಛನವನ್ನು ಗುಜರಿಗೆ ಹಾಕದೆ ಗಾಡಿಯೊಂದಿಗೇ ಮುಂದಿನವರಿಗೆ ಒಪ್ಪಿಸಿರಿ.